ಪ್ರೌಢಶಾಲೆಗೆ ಸೇರಲಾಗದ ಹುಡುಗಿ: ಆಲ್ವಾ ಮಿರ್ಡಾಲ್

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂಚಿಕೆಯಲ್ಲಿ ಸ್ವೀಡನ್ ದೇಶದ ರಾಜಕಾರಣಿಯೊಬ್ಬರ ಜೀವನಚರಿತ್ರೆ ಏಕೆ ಎಂದು ಓದುಗರು ಕೇಳಬಹುದು. ಊರಿನಲ್ಲಿ ಸರ್ಕಾರಿ ಪ್ರೌಢಶಾಲೆ ಇದ್ದೂ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಅದರೊಳಗೆ ಕಾಲಿಡಲಾಗದ ಹುಡುಗಿಯೊಬ್ಬಳು ಮುಂದೆ ನಮ್ಮ ದೇಶಕ್ಕೆ ರಾಯಭಾರಿಯಾಗಿ ಬಂದರು, ತಮ್ಮ ದೇಶದಲ್ಲಿ ಮಂತ್ರಿಯಾದರು, ಎಂಬತ್ತನೆಯ ವಯಸ್ಸಿನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಪ್ರೌಢಶಾಲೆಯೊಂದರ ಸುವರ್ಣ ಮಹೋತ್ಸವದಲ್ಲಿ ನೆನೆಯಲು ಅವರು ತಕ್ಕವರೆಂದು ನನಗೆ ತೋರಿತು.

ಆಲ್ವಾ ರೇಮರ್ ಹುಟ್ಟಿದ್ದು 1902ರ ಜನವರಿ 31ರಂದು, ಉಪ್ಸಾಲಾ ನಗರದಲ್ಲಿ. ಇಂದು ಸ್ವೀಡನ್ ಎಂದರೆ ನಮಗೆ ಸಿರಿವಂತ ದೇಶದ ಚಿತ್ರ ಕಣ್ಮುಂದೆ ಬರುತ್ತದೆ. ಆಗ ಹಾಗಿರಲಿಲ್ಲ. ಹಿಂದಿನ ಐವತ್ತು ವರ್ಷಗಳಿಂದಲೂ ಅಲ್ಲಿನ ಬಡ ರೈತರು, ಕೂಲಿಗಳು ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಿದ್ದರು. ಹಾಗೆ ಊರು ಬಿಟ್ಟವರ ಸಂಖ್ಯೆ ಒಟ್ಟು ಹತ್ತು ಲಕ್ಷವನ್ನು ಮೀರಿತು. ಕ್ಷಯರೋಗ ಮನೆಮನೆಗೂ ಬಡಿದಿತ್ತು. ಹೆಂಗಸರಿಗೆ ಮತದಾನದ ಹಕ್ಕು ಇರಲಿಲ್ಲ. ಅವರು ಮೊದಲ ಬಾರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಿದ್ದು 1921ರಲ್ಲಿ, ಆಲ್ವಾಗೆ ಹತ್ತೊಂಬತ್ತು ವರ್ಷವಾಗಿದ್ದಾಗ.

ತಂದೆ ಆಲ್ಬರ್ಟ್ ರೇಮರ್ ಮನೆ ಕಟ್ಟಿಸುವ ಕೆಲಸದವರು. ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಕಟ್ಟಾ ಅನುಯಾಯಿ. ಸಹಕಾರಿ ಅಂಗಡಿಗಳ ಚಳವಳಿಯಲ್ಲಿಯೂ ಮುಂದಿದ್ದವರು. ಹಿರಿಯ ಮಗಳಿಗೆ ರಾಜಕೀಯದ ಮೊದಲ ಪಾಠ ಅಪ್ಪನ ಮಾತುಕತೆಯಿಂದಲೇ ಆಯಿತು. ತಾಯಿ ಲೋವಾ ಅವರದು ಬೇರೆ ಸ್ವಭಾವ. ಒಡಹುಟ್ಟಿದವರನ್ನು ಕ್ಷಯರೋಗಕ್ಕೆ ಕಳೆದುಕೊಂಡಿದ್ದ ಆಕೆಗೆ ಆ ರೋಗದ ಭಯ ಜೀವನವಿಡೀ ಬಿಡಲಿಲ್ಲ. ಊರಿನ ಗ್ರಂಥಾಲಯದ ಪುಸ್ತಕ ಯಾರ್ಯಾರ ಕೈ ದಾಟಿ ಬಂದಿರುತ್ತದೋ, ಅದರ ಜೊತೆ ರೋಗವೂ ಬಂದೀತೆಂದು ಮಕ್ಕಳು ಅಲ್ಲಿಂದ ಪುಸ್ತಕ ತರುವುದನ್ನೇ ತಡೆದಿದ್ದರು. ಓದಿನ ಹಸಿವಿದ್ದ ಹುಡುಗಿಗೆ ಇದೆಂಥ ಶಿಕ್ಷೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ತಾಯಿಯನ್ನು ದೂರುವುದು ಸುಲಭ. ಆದರೆ ಆ ಕಾಲದ ಕ್ಷಯರೋಗವನ್ನು ಕಂಡವರು ದೂರಲಾರರು.

ಕುಟುಂಬ ಹಲವು ಸಲ ಮನೆ ಬದಲಿಸಿ, ಕೊನೆಗೆ ಎಸ್ಕಿಲ್‌ಸ್ಟೂನಾ ಎಂಬ ಪಟ್ಟಣದ ಹೊರಗೆ ಜಮೀನು ಮಾಡಿಕೊಂಡು ನಿಂತಿತು. ಎಸ್ಕಿಲ್‌ಸ್ಟೂನಾ ಚಾಕು, ಕತ್ತರಿ, ಉಕ್ಕಿನ ಉಪಕರಣಗಳಿಗೆ ಹೆಸರಾದ ಕಾರ್ಖಾನೆಗಳ ಊರು. ಆಲ್ವಾ ಏಳು ವರ್ಷಗಳ ಪ್ರಾಥಮಿಕ ಶಾಲೆಯನ್ನು ಚೆನ್ನಾಗಿ ಮುಗಿಸಿದಳು. ಮುಂದೇನು? ಪಟ್ಟಣದಲ್ಲಿ ಸರ್ಕಾರದ ಹಿರಿಯ ಶಾಲೆ ಇತ್ತು. ನಮ್ಮ ಪ್ರೌಢಶಾಲೆಯನ್ನೂ ಪಿಯುಸಿಯನ್ನೂ ಸೇರಿಸಿದಂಥ ಶಾಲೆ ಅದು. ಅಲ್ಲಿಯ ಅಂತಿಮ ಪರೀಕ್ಷೆ ಪಾಸಾದವರಿಗೆ ಮಾತ್ರ ವಿಶ್ವವಿದ್ಯಾಲಯದ ಪ್ರವೇಶ. ಆದರೆ ಆ ಶಾಲೆ ಹುಡುಗರಿಗೆ ಮಾತ್ರ. ಹುಡುಗಿಯರು ಓದಬೇಕಾದರೆ ಬೇರೆ ಊರಿನ ಖಾಸಗಿ ಶಾಲೆಗೆ ದುಡ್ಡು ಕೊಟ್ಟು ಹೋಗಬೇಕಿತ್ತು. ಐದು ಮಕ್ಕಳ ಆ ಮನೆಯಲ್ಲಿ ಅದಕ್ಕೆ ಅನುಕೂಲವಿರಲಿಲ್ಲ, ತಾಯಿಗೆ ಮನಸ್ಸೂ ಇರಲಿಲ್ಲ.

ಹಾಗಾಗಿ ಆಲ್ವಾ ವಾಣಿಜ್ಯದ ಒಂದು ಸಣ್ಣ ತರಬೇತಿ ಮುಗಿಸಿ, ಹದಿನೈದರ ವಯಸ್ಸಿನಲ್ಲಿ ಪಟ್ಟಣದ ತೆರಿಗೆ ಕಚೇರಿಯಲ್ಲಿ ಗುಮಾಸ್ತೆಯಾದಳು. ದಿನವಿಡೀ ಲೆಕ್ಕದ ಪುಸ್ತಕ, ಅಂಕಿಗಳು. ಸಂಬಳದಲ್ಲಿ ಉಳಿಸಿದ ಹಣವನ್ನು ಒಂದೆಡೆ ಕೂಡಿಟ್ಟಳು. ಅಪ್ಪನ ಬೆನ್ನು ಮಾತ್ರ ಬಿಡಲಿಲ್ಲ. ಆಲ್ಬರ್ಟ್ ರೇಮರ್ ಊರಿನ ರಾಜಕಾರಣದಲ್ಲಿ ಕೈಯಾಡಿಸುತ್ತಿದ್ದವರು. ಮಗಳ ಹಟಕ್ಕೆ ಮಣಿದು ಅವರು ಶಾಲೆಯ ಆಡಳಿತದವರ ಮುಂದೆ ವಿಷಯವಿಟ್ಟರು. ಕೊನೆಗೆ ಒಂದು ದಾರಿ ತೆರೆಯಿತು. ಹುಡುಗಿಯರಿಗೆಂದು ಪ್ರತ್ಯೇಕ ತರಗತಿಗಳು, ಖಾಸಗಿಯಾಗಿ, ಖರ್ಚು ಕಲಿಯುವವರದೇ. ಹುಡುಗರಿಗೆ ಸರ್ಕಾರ ಕೊಡುತ್ತಿದ್ದ ಪಾಠಕ್ಕೆ ಹುಡುಗಿಯರು ಹಣ ತೆರಬೇಕಾಗಿತ್ತು. ತೆರಿಗೆ ಕಚೇರಿಯಲ್ಲಿ ಉಳಿಸಿದ ದುಡ್ಡು ಆಗ ಉಪಯೋಗಕ್ಕೆ ಬಂತು. 1922ರಲ್ಲಿ ಆಲ್ವಾ ಆ ಅಂತಿಮ ಪರೀಕ್ಷೆಯನ್ನು ಪಾಸು ಮಾಡಿದಳು. ಸರ್ಕಾರಿ ಹಿರಿಯ ಶಾಲೆಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳಬೇಕೆಂದು ಸ್ವೀಡನ್ನಿನ ಸಂಸತ್ತು ನಿರ್ಧರಿಸಿದ್ದು ಅದಾದ ಐದು ವರ್ಷಕ್ಕೆ, 1927ರಲ್ಲಿ.

ಈ ನಡುವೆ ಇನ್ನೊಂದು ಘಟನೆ ನಡೆದಿತ್ತು. 1919ರ ಬೇಸಿಗೆಯಲ್ಲಿ ಸೈಕಲ್ ಪ್ರವಾಸ ಹೊರಟಿದ್ದ ಕೆಲವು ವಿದ್ಯಾರ್ಥಿಗಳು ರಾತ್ರಿ ತಂಗಲು ರೇಮರ್ ಅವರ ಜಮೀನಿಗೆ ಬಂದರು. ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿದ್ದ ಅವರಲ್ಲಿ ಕಾನೂನು ಓದುತ್ತಿದ್ದ ಗುನ್ನಾರ್ ಮಿರ್ಡಾಲ್ ಒಬ್ಬ. ಮಾತು ಬಲ್ಲವನು, ತನ್ನ ಬುದ್ಧಿಯ ಮೇಲೆ ಅಪಾರ ಭರವಸೆ ಇದ್ದವನು. ಆಲ್ವಾ ಸ್ಟಾಕ್‌ಹೋಮ್‌ನಲ್ಲಿ ಸಾಹಿತ್ಯ, ಭಾಷೆ, ಧರ್ಮಗಳ ಇತಿಹಾಸ ಓದಿ 1924ರಲ್ಲಿ ಪದವಿ ಪಡೆದಳು. ಅದೇ ವರ್ಷ ಇಬ್ಬರೂ ಮದುವೆಯಾದರು. ಗುನ್ನಾರ್ ಮುಂದೆ ಜಗತ್ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದರು; 1974ರ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕ್ಷೇತ್ರಗಳಲ್ಲಿ ನೊಬೆಲ್ ಪಡೆದದ್ದು ಬಹಳ ಅಪರೂಪ.

1929ರಲ್ಲಿ ಇಬ್ಬರಿಗೂ ರಾಕ್‌ಫೆಲರ್ ಪ್ರತಿಷ್ಠಾನದ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕಕ್ಕೆ ಹೋದರು. ಎರಡು ವರ್ಷದ ಮಗ ಯಾನ್‌ನನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋದರು. ಇದನ್ನು ಓದುಗರು ನೆನಪಿನಲ್ಲಿಡಬೇಕು; ಆ ಮಗ ಮರೆಯಲಿಲ್ಲ. ಅವರು ಹೋದ ಆ ವರ್ಷವೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಸಿರಿತನ ಹೊಳೆಯುವ ದೇಶದಲ್ಲಿಯೇ ನಿರುದ್ಯೋಗಿಗಳ ಸಾಲುಗಳನ್ನು ಕಂಡರು. ಅಲ್ಲಿಯವರೆಗೆ ಗುನ್ನಾರ್‌ಗೆ ಪಕ್ಷ ರಾಜಕೀಯದಲ್ಲಿ ಆಸಕ್ತಿಯಿರಲಿಲ್ಲ. ಮರಳಿ ಬಂದ ಮೇಲೆ ಇಬ್ಬರೂ ಸೋಷಿಯಲ್ ಡೆಮಾಕ್ರಾಟ್ ಪಕ್ಷ ಸೇರಿದರು. 1932ರಲ್ಲಿ ಪೇರ್ ಆಲ್ಬಿನ್ ಹಾನ್ಸನ್ ಅವರ ಮುಂದಾಳತ್ವದಲ್ಲಿ ಆ ಪಕ್ಷ ಅಧಿಕಾರಕ್ಕೆ ಬಂತು. ದೇಶವೆಂದರೆ ಒಂದು ಒಳ್ಳೆಯ ಮನೆಯಂತಿರಬೇಕು, ಅದರಲ್ಲಿ ಮುದ್ದಿನ ಮಗ ಮಲಮಗ ಎಂಬ ಭೇದವಿರಬಾರದು ಎಂಬುದು ಹಾನ್ಸನ್ನರ ಆಶಯ. ಆ ಮನೆಯಲ್ಲಿ ಹೆಂಗಸರ, ಮಕ್ಕಳ ಜಾಗ ಯಾವುದು ಎಂಬ ಪ್ರಶ್ನೆಯನ್ನು ಆಲ್ವಾ ಕೈಗೆತ್ತಿಕೊಂಡರು.

ಆಗ ಸ್ವೀಡನ್ನಿನಲ್ಲಿ ಜನನ ಪ್ರಮಾಣ ತೀರಾ ಇಳಿದಿತ್ತು. ಜನಸಂಖ್ಯೆಯೇ ಕರಗಿಹೋದೀತೆಂಬ ಆತಂಕ ಎಲ್ಲೆಡೆ. ಹೆಂಗಸರು ಕೆಲಸ ಬಿಟ್ಟು ಮನೆ ಸೇರಬೇಕು, ಸಂತಾನ ನಿಯಂತ್ರಣದ ಮಾತೇ ಆಡಬಾರದು ಎಂದು ಒಂದು ಗುಂಪು ಕೂಗುತ್ತಿತ್ತು. 1934ರಲ್ಲಿ ಮಿರ್ಡಾಲ್ ದಂಪತಿ ಜನಸಂಖ್ಯೆಯ ಬಿಕ್ಕಟ್ಟನ್ನು ಕುರಿತು ಒಂದು ಪುಸ್ತಕ ಬರೆದು ಈ ವಾದವನ್ನು ತಲೆಕೆಳಗು ಮಾಡಿದರು. ಬಡವರ ಮನೆಯಲ್ಲಿ ಮಗು ಹುಟ್ಟಿದರೆ ಆ ಮನೆ ಇನ್ನಷ್ಟು ಬಡವಾಗುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವವರಿಗೆ ಇನ್ನೂ ಮಕ್ಕಳನ್ನು ಹೆರಿ ಎಂದು ಉಪದೇಶಿಸಿ ಏನು ಪ್ರಯೋಜನ? ಮಕ್ಕಳು ಇಡೀ ಸಮಾಜಕ್ಕೆ ಬೇಕೆಂದಾದರೆ ಅವರನ್ನು ಬೆಳೆಸುವ ಖರ್ಚಿನಲ್ಲಿ ಸಮಾಜವೂ ಹೆಗಲು ಕೊಡಬೇಕು. ಉಚಿತ ಹೆರಿಗೆ, ಒಳ್ಳೆಯ ವಸತಿ, ಶಾಲೆಯಲ್ಲಿ ಊಟ, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ, ಬೇಡದಿದ್ದವರಿಗೆ ಸಂತಾನ ನಿಯಂತ್ರಣದ ತಿಳಿವಳಿಕೆ: ಇವೆಲ್ಲ ಒಟ್ಟಿಗೆ ಬರಬೇಕೆಂದು ಅವರು ಬರೆದರು.

ಪುಸ್ತಕ ದೇಶವನ್ನೇ ಅಲುಗಾಡಿಸಿತು. ಚರ್ಚಿನವರು, ಸಂಪ್ರದಾಯವಾದಿಗಳು, ತಮ್ಮ ಪಕ್ಷದವರಲ್ಲೇ ಹಲವರು ಸಿಟ್ಟಾದರು. ಜನ ತಮಾಷೆ ಮಾಡಿದರು. ಮಕ್ಕಳನ್ನು ಹುಟ್ಟಿಸುವುದಕ್ಕೆ ಮಿರ್ಡಾಲ್ ಎಂಬ ಹೆಸರನ್ನೇ ಒಂದು ಕ್ರಿಯಾಪದವಾಗಿಸಿ ನಕ್ಕರು. ಆದರೆ ಸರ್ಕಾರ ಆಯೋಗ ನೇಮಿಸಿತು, ಕಾನೂನುಗಳು ಬಂದವು. 1937ರಲ್ಲಿ ಉಚಿತ ಹೆರಿಗೆ ಸೇವೆಯೂ ತಾಯಂದಿರ ಭತ್ಯೆಯೂ ಜಾರಿಯಾದವು. 1948ರಿಂದ ಪ್ರತಿ ಮಗುವಿಗೂ, ಬಡವರ ಮಗುವಾಗಲಿ ಶ್ರೀಮಂತರ ಮಗುವಾಗಲಿ, ವರ್ಷಕ್ಕೆ 260 ಕ್ರೋನರ್ ಭತ್ಯೆ ಬಂತು. ಇಲ್ಲೊಂದು ಸ್ವಾರಸ್ಯವಿದೆ. ಹಣ ಕೊಡುವುದಕ್ಕಿಂತ ಊಟ, ಬಟ್ಟೆ, ವಸತಿಯ ರೂಪದಲ್ಲಿ ನೆರವು ಕೊಡುವುದು ಮೇಲೆಂದು ಮಿರ್ಡಾಲ್ ದಂಪತಿ ವಾದಿಸಿದ್ದರು. ಸಮಾಜ ಕಲ್ಯಾಣ ಮಂತ್ರಿ ಗುಸ್ತಾವ್ ಮಲ್ಲರ್ ಅವರಿಗೆ ನಗದು ಕೊಡುವುದೇ ಸರಿ ಎನಿಸಿತ್ತು. ಬಡ ತಾಯಿಗೆ ತನ್ನ ಮಗುವಿಗೆ ಏನು ಬೇಕೆಂದು ಗೊತ್ತಿರುತ್ತದೆ ಎಂಬ ನಂಬಿಕೆ ಇರುವ ನನಗೆ ಈ ವಿಷಯದಲ್ಲಿ ಮಲ್ಲರ್ ಅವರೇ ಸರಿ ಎನಿಸುತ್ತದೆ.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ಇಲ್ಲಿ ಮರೆಮಾಚಬಾರದು. ಬುದ್ಧಿಮಾಂದ್ಯರೆಂದು ವೈದ್ಯರೋ ಅಧಿಕಾರಿಗಳೋ ನಿರ್ಧರಿಸಿದವರಿಗೆ ಅವರ ಒಪ್ಪಿಗೆ ಇಲ್ಲದೆಯೂ ಸಂತಾನಶಕ್ತಿಹರಣ ಮಾಡಬಹುದೆಂಬ ಕಾನೂನು ಸ್ವೀಡನ್ನಿನಲ್ಲಿ 1934ರಲ್ಲಿ ಬಂತು. 1941ರಲ್ಲಿ ಅದರ ವ್ಯಾಪ್ತಿ ಹೆಚ್ಚಿತು. ಮಿರ್ಡಾಲ್ ದಂಪತಿಯ ಪುಸ್ತಕ ಈ ನೀತಿಯನ್ನು ಬೆಂಬಲಿಸಿತ್ತು. 1970ರ ದಶಕದ ನಡುವಿನವರೆಗೆ ಉಳಿದ ಈ ಕಾನೂನುಗಳ ಅಡಿಯಲ್ಲಿ ಸುಮಾರು 63,000 ಜನರಿಗೆ ಶಸ್ತ್ರಚಿಕಿತ್ಸೆ ಆಯಿತು. ಬಹುಪಾಲು ಹೆಂಗಸರು. ಎಲ್ಲರೂ ಬಲವಂತಕ್ಕೆ ಒಳಗಾದವರಲ್ಲ, ಆದರೆ ಸಾವಿರಾರು ಜನ ಒತ್ತಾಯಕ್ಕೆ ಸಿಕ್ಕವರು. ಅಂಥವರಿಗೆ ಸರ್ಕಾರ ಪರಿಹಾರ ಕೊಡಲು ಒಪ್ಪಿದ್ದು 1999ರಲ್ಲಿ. ಅಂದು ಈ ಕಾನೂನಿಗೆ ಹೆಚ್ಚುಕಡಿಮೆ ಎಲ್ಲ ಪಕ್ಷಗಳೂ ಕೈಯೆತ್ತಿದ್ದವು ಎಂಬುದು ನಿಜ. ಹಾಗೆಂದು ಮಕ್ಕಳ ಪರವಾಗಿ ಅಷ್ಟು ಯೋಚಿಸಿದ ಆಲ್ವಾ ಅವರ ಪಾಲಿನ ಹೊಣೆ ಕಡಿಮೆಯಾಗದು.

ಹೆಂಗಸರ ಕೆಲಸದ ವಿಷಯಕ್ಕೆ ಬಂದರೆ, ಆಲ್ವಾ ಅವರ ನಿಜವಾದ ಕೈಚಳಕ ಅಲ್ಲಿ ಕಾಣುತ್ತದೆ. ನಿರುದ್ಯೋಗದ ಆ ಕಾಲದಲ್ಲಿ, ಮದುವೆಯಾದ ಹೆಂಗಸರನ್ನು ಸರ್ಕಾರಿ ನೌಕರಿಯಿಂದ ತೆಗೆಯಬೇಕೆಂದು ಸಂಸತ್ತಿನಲ್ಲಿ ಒತ್ತಾಯ ಬಂತು. ವಿಷಯ ಪರಿಶೀಲಿಸಲು 1935ರಲ್ಲಿ ಸರ್ಕಾರ ಸಮಿತಿಯೊಂದನ್ನು ಮಾಡಿತು. ಅಧ್ಯಕ್ಷೆ ಕೆರ್ಸ್ಟಿನ್ ಹೆಸೆಲ್‌ಗ್ರೇನ್, ಸ್ವೀಡನ್ನಿನ ಸಂಸತ್ತಿಗೆ ಮೊದಲು ಆಯ್ಕೆಯಾದ ಮಹಿಳೆಯರಲ್ಲಿ ಒಬ್ಬರು. ಕಾರ್ಯದರ್ಶಿ ಆಲ್ವಾ ಮಿರ್ಡಾಲ್. ಹೆಂಗಸರ ಕೆಲಸದ ಹಕ್ಕನ್ನು ಮೊಟಕುಗೊಳಿಸುವ ಚರ್ಚೆಯಿಂದ ಹುಟ್ಟಿದ ಸಮಿತಿ ಅದು. ಆಲ್ವಾ ಅಂಕಿಅಂಶ ಕಲೆಹಾಕಿ ಆ ಚರ್ಚೆಯ ದಿಕ್ಕನ್ನೇ ತಿರುಗಿಸಿಬಿಟ್ಟರು. ಜನರಿಗೆ ಮಕ್ಕಳು ಬೇಕಿದ್ದರೆ, ಮದುವೆಯಾದ ಹೆಣ್ಣಿನ ಕೆಲಸ ಕಸಿಯುವುದು ಮದುವೆಯನ್ನೇ ಮುಂದೂಡುವಂತೆ ಮಾಡುತ್ತದಲ್ಲವೇ? ವಿರೋಧಿಗಳ ಆತಂಕವನ್ನೇ ಅವರು ಹೆಂಗಸರ ಪರವಾದ ವಾದವಾಗಿ ಮಾಡಿದರು. 1939ರಲ್ಲಿ ಹೊಸ ಕಾನೂನು ಬಂತು. ಮದುವೆಯಾದಳೆಂದೋ ಬಸುರಿಯಾದಳೆಂದೋ ಹೆಣ್ಣನ್ನು ಕೆಲಸದಿಂದ ತೆಗೆಯುವಂತಿಲ್ಲ.

ಚಿಕ್ಕ ಮಕ್ಕಳ ಶಿಕ್ಷಣ ಅವರ ಮನಸ್ಸಿಗೆ ಹತ್ತಿರವಾದ ವಿಷಯ. ಅಲ್ಲಿಯವರೆಗೆ ಸ್ವೀಡನ್ನಿನಲ್ಲಿ ಬಡವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಧರ್ಮಾರ್ಥದ ಕೇಂದ್ರಗಳಿದ್ದವು. ಉಳ್ಳವರ ಮಕ್ಕಳಿಗೆ ಅರ್ಧ ದಿನದ ಶಿಶುವಿಹಾರಗಳಿದ್ದವು. ಎರಡೂ ಒಂದಾಗಬೇಕು, ಎಲ್ಲ ಮಕ್ಕಳೂ ಒಟ್ಟಿಗೆ ಆಡಿ ಕಲಿಯಬೇಕೆಂಬುದು ಆಲ್ವಾ ಅವರ ವಾದ. ಅದಕ್ಕೆ ತರಬೇತಾದ ಶಿಕ್ಷಕಿಯರು ಬೇಕಲ್ಲ? 1936ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶಿಕ್ಷಕಿಯರ ತರಬೇತಿ ಸಂಸ್ಥೆಯೊಂದನ್ನು ಸಹಕಾರಿ ವಸತಿ ಸಂಘದ ಬೆಂಬಲದಿಂದ ತೆರೆದು, ಹನ್ನೆರಡು ವರ್ಷ ಅದರ ಮುಖ್ಯಸ್ಥೆಯಾಗಿದ್ದರು. ಮಕ್ಕಳ ಆಟಿಕೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಮಗು ತಾನೇ ಕಟ್ಟಿ ಕೆಡವಬಹುದಾದ ಮರದ ತುಂಡುಗಳು ಕೀಲಿ ಕೊಟ್ಟರೆ ಕುಣಿಯುವ ಗೊಂಬೆಗಿಂತ ಮೇಲೆಂಬ ವಿಚಾರ ಇಂದು ಎಲ್ಲ ಶಿಶುವಿಹಾರದ ಶಿಕ್ಷಕಿಯರಿಗೂ ಗೊತ್ತು. ಆಗ ಅದು ಹೊಸತು.

ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯಸ್ ಅವರ ಜೊತೆ ಸೇರಿ ಮತ್ತೊಂದು ಪ್ರಯೋಗ ನಡೆಸಿದರು. 1935ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಎದ್ದ ಆ ಕಟ್ಟಡದಲ್ಲಿ ಎಲ್ಲ ಮನೆಗಳಿಗೂ ಸೇರಿ ಕೆಳಗೆ ಒಂದು ದೊಡ್ಡ ಅಡುಗೆಮನೆ. ಊಟ ಸಣ್ಣ ಲಿಫ್ಟ್‌ನಲ್ಲಿ ಮೇಲಿನ ಮನೆಗಳಿಗೆ ಹೋಗುತ್ತಿತ್ತು. ಮಕ್ಕಳಿಗೆ ಅಲ್ಲಿಯೇ ಶಿಶುವಿಹಾರ. ದುಡಿಯುವ ಹೆಂಗಸರು ಸಂಜೆ ಒಲೆಯ ಮುಂದೆ ನಿಲ್ಲಬೇಕಿಲ್ಲ ಎಂಬ ಯೋಚನೆ. ಮಿರ್ಡಾಲ್ ಕುಟುಂಬ ಮಾತ್ರ ಅದೇ ಮಾರ್ಕೇಲಿಯಸ್ ಕಟ್ಟಿದ ಪ್ರತ್ಯೇಕ ಮನೆಯಲ್ಲಿ, ಕೆಲಸದವರನ್ನು ಇಟ್ಟುಕೊಂಡು ವಾಸಿಸಿತು. ಹೊರಗೆ ಹೇಳುವುದು ಒಂದು, ಮನೆಯಲ್ಲಿ ಮಾಡುವುದು ಒಂದು ಎಂದು ಟೀಕಿಸಿದವರಿಗೆ ಅಷ್ಟರಮಟ್ಟಿಗೆ ಆಧಾರವಿತ್ತು.

ಗಂಡನ ಕೆಲಸಕ್ಕಾಗಿ ತಮ್ಮ ಕೆಲಸವನ್ನು ಆಲ್ವಾ ಬದಿಗಿಟ್ಟ ಸಂದರ್ಭಗಳು ಕಡಿಮೆಯಲ್ಲ. 1938ರಲ್ಲಿ ಗುನ್ನಾರ್ ಅಮೆರಿಕದ ಕಪ್ಪು ಜನರ ಸ್ಥಿತಿಗತಿಯ ದೊಡ್ಡ ಅಧ್ಯಯನಕ್ಕೆ ಹೊರಟಾಗ ಮೂವರು ಮಕ್ಕಳೊಂದಿಗೆ ಇವರೂ ಹೋದರು. ಯುದ್ಧ ಆರಂಭವಾಗಿ 1940ರಲ್ಲಿ ಜರ್ಮನಿಯ ಸೇನೆ ನೆರೆಯ ನಾರ್ವೆಯನ್ನು ಹಿಡಿದಾಗ, ದೇಶಕ್ಕೆ ಕಷ್ಟ ಬಂದ ಹೊತ್ತಿನಲ್ಲಿ ಹೊರಗಿರಬಾರದೆಂದು ಇಬ್ಬರೂ ಮರಳಿ ಬಂದರು. ಯುದ್ಧ ಮುಗಿದ ಮೇಲೆ ಗುನ್ನಾರ್‌ಗೆ ಜಿನೀವಾದಲ್ಲಿ ವಿಶ್ವಸಂಸ್ಥೆಯ ಹುದ್ದೆ ಸಿಕ್ಕಿತು. 1947ರಲ್ಲಿ ಮತ್ತೆ ಆಲ್ವಾ ಹಿಂದೆ ಹೋದರು.

ಹೊರಡುವ ಮುನ್ನ ಅವರು ಮುಟ್ಟಿದ ಒಂದು ಕೆಲಸವನ್ನು ಈ ಸಂಚಿಕೆಯಲ್ಲಿ ಹೇಳಲೇಬೇಕು. 1946ರಲ್ಲಿ ಸರ್ಕಾರ ನೇಮಿಸಿದ ಶಾಲಾ ಆಯೋಗದಲ್ಲಿ ಆಲ್ವಾ ಸದಸ್ಯೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿಯೇ ಕೆಲವು ಮಕ್ಕಳನ್ನು ಹಿರಿಯ ಶಾಲೆಗೆ ಆರಿಸಿ, ಉಳಿದವರನ್ನು ಕೆಲಸಕ್ಕೆ ಅಟ್ಟುವ ಪದ್ಧತಿ ಆಗ ಇತ್ತು. ಅದನ್ನು ಬಿಟ್ಟು, ರೈತನ ಮಗನೂ ವೈದ್ಯನ ಮಗಳೂ ಒಂದೇ ಶಾಲೆಯಲ್ಲಿ ಒಂಬತ್ತು ವರ್ಷ ಕಲಿಯಬೇಕೆಂದು 1948ರಲ್ಲಿ ಆಯೋಗ ಶಿಫಾರಸು ಮಾಡಿತು. ವರ್ಷಗಟ್ಟಲೆ ಪ್ರಯೋಗ ನಡೆದು 1962ರಲ್ಲಿ ಅದು ದೇಶದ ಕಾನೂನಾಯಿತು. ಎಸ್ಕಿಲ್‌ಸ್ಟೂನಾದ ತೆರಿಗೆ ಕಚೇರಿಯಲ್ಲಿ ಕುಳಿತಿದ್ದ ಹದಿನೈದರ ಹುಡುಗಿಗೆ ಬೇಕಾಗಿದ್ದ ಶಾಲೆ ಅದೇ.

1949ರಲ್ಲಿ ನ್ಯೂಯಾರ್ಕಿನಿಂದ ಕರೆ ಬಂತು: ವಿಶ್ವಸಂಸ್ಥೆಯ ಸಾಮಾಜಿಕ ವ್ಯವಹಾರಗಳ ವಿಭಾಗಕ್ಕೆ ಮುಖ್ಯಸ್ಥರಾಗಬೇಕೆಂದು. ಅಲ್ಲಿಯವರೆಗೆ ವಿಶ್ವಸಂಸ್ಥೆಯಲ್ಲಿ ಯಾವ ಹೆಂಗಸೂ ಅಷ್ಟು ಎತ್ತರದ ಹುದ್ದೆಗೆ ಏರಿರಲಿಲ್ಲ. ಈ ಸಲ ಆಲ್ವಾ ಒಪ್ಪಿದರು. ಗಂಡನೂ ಹೆಣ್ಣುಮಕ್ಕಳೂ ಜಿನೀವಾದಲ್ಲಿ, ಇವರು ಸಾಗರದಾಚೆ. ಆಗ ಅವರಿಗೆ ನಲವತ್ತೇಳು. ತಮ್ಮದೇ ಹೆಸರಿನಲ್ಲಿ ಬದುಕು ಆರಂಭವಾದದ್ದು ಆಗಲೇ ಎಂದರೂ ತಪ್ಪಾಗದು. ಮುಂದೆ ಪ್ಯಾರಿಸ್‌ನ ಯುನೆಸ್ಕೋದಲ್ಲಿ ಸಮಾಜ ವಿಜ್ಞಾನ ವಿಭಾಗವನ್ನು 1955ರವರೆಗೆ ನಡೆಸಿದರು. ಇದೇ ವರ್ಷಗಳಲ್ಲಿ ಸಮಾಜಶಾಸ್ತ್ರಜ್ಞೆ ವಿಯೋಲಾ ಕ್ಲೈನ್ ಅವರೊಂದಿಗೆ ಹೆಂಗಸರ ಎರಡು ಪಾತ್ರಗಳನ್ನು, ಅಂದರೆ ಮನೆ ಮತ್ತು ಉದ್ಯೋಗವನ್ನು ಕುರಿತ ಗ್ರಂಥ ಸಿದ್ಧವಾಯಿತು, 1956ರಲ್ಲಿ ಪ್ರಕಟವಾಯಿತು.

1955ರ ಕೊನೆಗೆ ಆಲ್ವಾ ಮಿರ್ಡಾಲ್ ಸ್ವೀಡನ್ನಿನ ಪ್ರತಿನಿಧಿಯಾಗಿ ದೆಹಲಿಗೆ ಬಂದರು. ಸ್ವೀಡನ್ ಯಾವುದೇ ದೇಶಕ್ಕೆ ಕಳುಹಿಸಿದ ಮೊದಲ ಮಹಿಳಾ ರಾಯಭಾರಿ ಇವರೇ. ಬರ್ಮಾ, ಸಿಲೋನ್‌ಗಳ ಹೊಣೆಯೂ ಅವರದೇ ಆಗಿತ್ತು. ಐದಾರು ವರ್ಷ ಇಲ್ಲಿದ್ದರು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲ ಅದು. ಹೊಸ ದೇಶವೊಂದು ಬಡತನ, ಅನಕ್ಷರತೆ, ಜನಸಂಖ್ಯೆಯ ಪ್ರಶ್ನೆಗಳನ್ನು ಎದುರಿಸುತ್ತಿತ್ತು. ತಮ್ಮ ದೇಶದಲ್ಲಿ ಕಡಿಮೆ ಮಕ್ಕಳ ಚಿಂತೆ ಮಾಡಿದ್ದವರು ಇಲ್ಲಿ ಹೆಚ್ಚು ಮಕ್ಕಳ ಚಿಂತೆಯನ್ನು ಕಂಡರು. ಪ್ರಧಾನಿ ನೆಹರೂ ಅವರೊಂದಿಗೆ ಒಳ್ಳೆಯ ಸ್ನೇಹ ಬೆಳೆಯಿತು. ಗುನ್ನಾರ್ ಜಿನೀವಾದ ಕೆಲಸ ಬಿಟ್ಟು 1957ರಲ್ಲಿ ದೆಹಲಿಗೆ ಬಂದರು. ಈ ಬಾರಿ ಹೆಂಡತಿಯ ಹುದ್ದೆಯ ಊರಿಗೆ ಗಂಡ ಬಂದದ್ದು. ದಕ್ಷಿಣ ಏಷ್ಯಾದ ಬಡತನವನ್ನು ಕುರಿತ ಅವರ ಮೂರು ಸಂಪುಟಗಳ ಬೃಹದ್ಗ್ರಂಥಕ್ಕೆ ತಳಪಾಯ ಬಿದ್ದದ್ದು ಇಲ್ಲಿಯೇ. 1981ರಲ್ಲಿ ಭಾರತ ಸರ್ಕಾರ ಅಂತರರಾಷ್ಟ್ರೀಯ ಸೌಹಾರ್ದಕ್ಕಾಗಿ ಕೊಡುವ ಜವಾಹರಲಾಲ್ ನೆಹರೂ ಪ್ರಶಸ್ತಿಯನ್ನು ಇಬ್ಬರಿಗೂ ಸೇರಿಸಿ ಕೊಟ್ಟಿತು.

1961ರಲ್ಲಿ ಸ್ವೀಡನ್ನಿಗೆ ಮರಳಿದಾಗ ಆಲ್ವಾಗೆ ಐವತ್ತೊಂಬತ್ತು. ಹೆಚ್ಚಿನವರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ವಿದೇಶಾಂಗ ಮಂತ್ರಿ ಉಂಡೇನ್ ಅವರು ನಿಶ್ಶಸ್ತ್ರೀಕರಣದ ಕೆಲಸಕ್ಕೆ ನೆರವಾಗುವಂತೆ ಕೇಳಿದರು. ಬಾಂಬು, ಕ್ಷಿಪಣಿಗಳ ವಿಷಯ ಆಲ್ವಾಗೆ ಹೊಸತು. ಶಾಲೆಯ ಹುಡುಗಿಯಂತೆ ಕುಳಿತು ಕಲಿತರು. ಮರುವರ್ಷ ಸಂಸತ್ತಿನ ಸದಸ್ಯೆಯಾದರು. ಜಿನೀವಾದಲ್ಲಿ ಹದಿನೆಂಟು ರಾಷ್ಟ್ರಗಳ ನಿಶ್ಶಸ್ತ್ರೀಕರಣ ಸಮಿತಿ 1962ರಲ್ಲಿ ಸೇರತೊಡಗಿದಾಗ ಸ್ವೀಡನ್ನಿನ ನಿಯೋಗದ ನಾಯಕಿ ಅವರು. ಆ ಸಮಿತಿಯಲ್ಲಿ ಅಮೆರಿಕದ ಕಡೆಯವರು, ಸೋವಿಯತ್ ಕಡೆಯವರು, ಎರಡೂ ಕಡೆ ಸೇರದ ಎಂಟು ದೇಶಗಳು ಇದ್ದವು. ಆ ಎಂಟರಲ್ಲಿ ಸ್ವೀಡನ್ ಒಂದು, ಭಾರತ ಒಂದು.

ಸ್ವೀಡನ್ ಸ್ವತಃ ಅಣುಬಾಂಬು ಮಾಡುವ ಯೋಚನೆಯಲ್ಲಿತ್ತು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. 1950ರ ದಶಕದಲ್ಲಿ ಅಲ್ಲಿಯ ಸೇನಾಪತಿಗಳು ಬಾಂಬು ಬೇಕೆಂದರು, ಸಂಶೋಧನೆಯೂ ನಡೆದಿತ್ತು, ಪ್ರಧಾನಿ ಎರ್ಲಾಂಡರ್ ಕೂಡ ಮೊದಲು ಅತ್ತ ವಾಲಿದ್ದರು. ಪಕ್ಷದ ಮಹಿಳಾ ಸಂಘ ಖಡಾಖಂಡಿತವಾಗಿ ವಿರೋಧಿಸಿತು. ಪಕ್ಷ ಒಡೆಯುವ ಸ್ಥಿತಿ ಬಂದು ತೀರ್ಮಾನ ಮುಂದೆ ಹೋಗುತ್ತಾ ಹೋಯಿತು. ಬಾಂಬು ಬೇಡವೆಂಬವರ ಸಾಲಿನಲ್ಲಿ ನಿಂತ ಆಲ್ವಾ, ಸಣ್ಣ ದೇಶಕ್ಕೆ ಅದು ರಕ್ಷಣೆಯಲ್ಲ, ಶತ್ರುವಿನ ಕಣ್ಣಿಗೆ ಗುರಿಯಾಗುವ ದಾರಿ ಎಂದು ವಾದಿಸಿದರು. 1968ರಲ್ಲಿ ಸ್ವೀಡನ್ ಬಾಂಬಿನ ಯೋಚನೆಯನ್ನು ಕೈಬಿಟ್ಟು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿತು. ಭಾರತ ಹಾಕಲಿಲ್ಲ. ಬಾಂಬು ಇದ್ದವರು ಇಟ್ಟುಕೊಳ್ಳಲಿ, ಇಲ್ಲದವರು ಮಾತ್ರ ಮಾಡಬಾರದು ಎಂಬ ಒಪ್ಪಂದ ನ್ಯಾಯವಲ್ಲವೆಂಬುದು ನಮ್ಮವರ ತಕರಾರು. ಒಪ್ಪಂದವನ್ನು ಬೆಂಬಲಿಸಿದ ಆಲ್ವಾ ಕೂಡ ಈ ಅಸಮಾನತೆಯನ್ನು ಬಲವಾಗಿಯೇ ಟೀಕಿಸಿದರು. ದೊಡ್ಡ ದೇಶಗಳು ಮೊದಲು ತಮ್ಮ ಕೈ ಕಟ್ಟಿಕೊಳ್ಳಲಿ ಎಂಬ ಅವರ ಒತ್ತಾಯ ಕೊನೆಯವರೆಗೂ ಬದಲಾಗಲಿಲ್ಲ.

ಅಣುಪರೀಕ್ಷೆಗಳ ವಿಷಯದಲ್ಲಿ ಅವರು ನಡೆಸಿದ ಹೋರಾಟ ವಿಜ್ಞಾನ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದು. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದವಾಯಿತು. ನೆಲದಡಿಯ ಪರೀಕ್ಷೆ ಮಾತ್ರ ಉಳಿಯಿತು. ಏಕೆ? ನೆಲದಡಿ ಬಾಂಬು ಸಿಡಿದದ್ದೋ ಭೂಕಂಪವೋ ದೂರದಿಂದ ಹೇಳಲಾಗದು, ಸ್ಥಳಕ್ಕೇ ಹೋಗಿ ತಪಾಸಣೆ ಮಾಡಬೇಕು ಎಂದು ಅಮೆರಿಕ ಹೇಳುತ್ತಿತ್ತು. ಹೊರಗಿನವರನ್ನು ಅಷ್ಟಾಗಿ ಒಳಬಿಡೆವು ಎಂದು ಸೋವಿಯತ್ ಒಕ್ಕೂಟ ಹೇಳುತ್ತಿತ್ತು. ಆಲ್ವಾ ತಮ್ಮ ದೇಶದ ವಿಜ್ಞಾನಿಗಳನ್ನು ಕರೆತಂದರು. ಭೂಕಂಪದ ಅಲೆಗಳಿಗೂ ಸ್ಫೋಟದ ಅಲೆಗಳಿಗೂ ವ್ಯತ್ಯಾಸವಿದೆ; ಹಲವು ದೇಶಗಳ ಭೂಕಂಪಮಾಪಕಗಳು ದಾಖಲಿಸಿದ್ದನ್ನು ಒಟ್ಟುಗೂಡಿಸಿದರೆ ಮೋಸ ಅಡಗದು ಎಂದು ತೋರಿಸಿದರು. ಹಾಗೆ ಮಾಹಿತಿ ಹಂಚಿಕೊಳ್ಳುವ ದೇಶಗಳ ಕೂಟವನ್ನು ಕಟ್ಟಲು ಸೂಚಿಸಿದರು. ಸ್ವೀಡನ್ನಿನ ಹಾಗ್‌ಫೋರ್ಸ್‌ನಲ್ಲಿ ಇದಕ್ಕೆಂದೇ ವೀಕ್ಷಣಾಲಯ ಬಂತು. ತಪಾಸಣೆಯ ನೆಪ ಹೀಗೆ ಸಡಿಲವಾದರೂ ಎರಡು ಬಲಾಢ್ಯರು ಪರೀಕ್ಷೆ ನಿಲ್ಲಿಸಲಿಲ್ಲ. ನಿಲ್ಲಿಸುವ ಮನಸ್ಸೇ ಅವರಿಗಿಲ್ಲ ಎಂಬುದು ಆಗ ಆಲ್ವಾಗೆ ಖಚಿತವಾಯಿತು. ಎಲ್ಲ ಬಗೆಯ ಪರೀಕ್ಷೆ ನಿಷೇಧಿಸುವ ಒಪ್ಪಂದ ಸಹಿಗೆ ಬಂದದ್ದು 1996ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಕ್ಕೆ. ಅದರ ಜಾಗತಿಕ ನಿಗಾ ಜಾಲದಲ್ಲಿ ಹಾಗ್‌ಫೋರ್ಸ್ ಕೂಡ ಒಂದು ಕೇಂದ್ರ.

1966ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಶಾಂತಿ ಸಂಶೋಧನಾ ಸಂಸ್ಥೆಯ ರೂಪರೇಷೆ ಸಿದ್ಧಪಡಿಸಿದವರಲ್ಲಿ ಆಲ್ವಾ ಮುಖ್ಯರು. ಯಾವ ದೇಶ ಆಯುಧಕ್ಕೆ ಎಷ್ಟು ಖರ್ಚು ಮಾಡುತ್ತದೆಂದು ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುವ ಅಂಕಿಗಳು ಹೆಚ್ಚಾಗಿ ಈ ಸಂಸ್ಥೆಯವು. 1967ರಲ್ಲಿ ಆಲ್ವಾ ಮಂತ್ರಿಮಂಡಲ ಸೇರಿದರು, ನಿಶ್ಶಸ್ತ್ರೀಕರಣದ ಹೊಣೆಯೊಂದಿಗೆ. ಮುಂದೆ ಚರ್ಚಿನ ವ್ಯವಹಾರಗಳ ಖಾತೆಯೂ ಬಂತು. ಆದಾಯ, ಶಿಕ್ಷಣ, ಹೆಣ್ಣು ಗಂಡು ಎಲ್ಲದರಲ್ಲಿಯೂ ಸಮಾನತೆ ಹೇಗೆ ಸಾಧಿಸಬೇಕೆಂಬ ಪಕ್ಷದ ವರದಿಯನ್ನು 1969ರಲ್ಲಿ ಸಿದ್ಧಪಡಿಸಿದ ತಂಡಕ್ಕೂ ಅವರೇ ಅಧ್ಯಕ್ಷೆ. 1973ರಲ್ಲಿ, ಎಪ್ಪತ್ತೊಂದರಲ್ಲಿ ಅಧಿಕಾರದಿಂದ ಇಳಿದರು. ಆಮೇಲೆ ಜಿನೀವಾದ ಅನುಭವವನ್ನೆಲ್ಲ ಸೇರಿಸಿ ಅಮೆರಿಕ ಮತ್ತು ರಷ್ಯಾಗಳು ನಿಶ್ಶಸ್ತ್ರೀಕರಣದ ಹೆಸರಿನಲ್ಲಿ ಆಡುತ್ತಿದ್ದ ಆಟವನ್ನು ಬಯಲಿಗೆಳೆದ ಪುಸ್ತಕ 1976ರಲ್ಲಿ ಬಂತು. ಇಬ್ಬರ ಮೇಲೂ ಅದರಲ್ಲಿ ಸಮನಾಗಿ ಸಿಟ್ಟಿದೆ.

1982ರಲ್ಲಿ ಮೆಕ್ಸಿಕೋದ ಆಲ್ಫೊನ್ಸೊ ಗಾರ್ಸಿಯಾ ರೊಬ್ಲೆಸ್ ಅವರೊಂದಿಗೆ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ವರ್ಷ ಹಿರಿಯ ಮಗ ಯಾನ್ ಮಿರ್ಡಾಲ್ ತನ್ನ ಬಾಲ್ಯದ ಕುರಿತು ಪುಸ್ತಕ ಪ್ರಕಟಿಸಿದ. ಆ ವೇಳೆಗೆ ಹೆಸರಾಂತ ಲೇಖಕನಾಗಿದ್ದ. ದೇಶದ ಮಕ್ಕಳಿಗೆಲ್ಲ ತಾಯಿಯಂತಿದ್ದವರು ಸ್ವಂತ ಮಗನಿಗೆ ಸಿಗಲಿಲ್ಲವೆಂಬ ನೋವು ಆ ಪುಸ್ತಕದ ತುಂಬ ಇತ್ತು. ಸ್ವೀಡನ್ನಿನ ಪತ್ರಿಕೆಗಳಿಗೆ ಹಬ್ಬವಾಯಿತು. ಮುದಿ ತಾಯಿ ನೊಂದರು. ಮಗಳು ಸಿಸ್ಸೇಲಾ ತತ್ತ್ವಶಾಸ್ತ್ರಜ್ಞೆಯಾಗಿ ಅಮೆರಿಕದಲ್ಲಿ ನೆಲೆಸಿದ್ದರು. ಆಕೆ ಮುಂದೆ ತಾಯಿಯ ಬಗ್ಗೆ ಬರೆದ ಪುಸ್ತಕದಲ್ಲಿ ಬೇರೆಯೇ ಚಿತ್ರವಿದೆ: ಗಂಡ, ಮಕ್ಕಳು, ಕೆಲಸ ಮೂರನ್ನೂ ಹಿಡಿಯಲು ಹೆಣಗಿದ, ಒಂದನ್ನು ಹಿಡಿದಾಗ ಇನ್ನೊಂದು ಜಾರುವುದನ್ನು ನೋಡುತ್ತಲೇ ಇದ್ದ ಹೆಂಗಸಿನ ಚಿತ್ರ. ಮಕ್ಕಳಿಬ್ಬರೂ ಸುಳ್ಳು ಹೇಳಿಲ್ಲ ಎಂದು ನನ್ನ ಎಣಿಕೆ. ತಂದೆ ಗುನ್ನಾರ್ ಮನೆಯಲ್ಲಿ ಎಷ್ಟು ಸಿಗುತ್ತಿದ್ದರೆಂಬ ಪ್ರಶ್ನೆಯನ್ನು ಆಗ ಕೇಳಿದವರು ಕಡಿಮೆ.

ಕೊನೆಯ ವರ್ಷಗಳಲ್ಲಿ ಮಿದುಳಿನ ಕಾಯಿಲೆಯಿಂದ ಆಲ್ವಾ ಅವರ ಮಾತು ಕುಂದಿತು. 1986ರ ಫೆಬ್ರವರಿ 1ರಂದು, ಎಂಬತ್ತನಾಲ್ಕು ತುಂಬಿದ ಮರುದಿನವೇ ಅವರು ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು. ಅದೇ ತಿಂಗಳ 28ರ ರಾತ್ರಿ, ಅವರ ಪಕ್ಷದ ಪ್ರಧಾನಿ ಉಲೋಫ್ ಪಾಲ್ಮೆ ಅದೇ ನಗರದ ಬೀದಿಯಲ್ಲಿ ಕೊಲೆಯಾದರು. ಜಗತ್ತಿನ ಪತ್ರಿಕೆಗಳೆಲ್ಲ ಆ ಸುದ್ದಿಯಿಂದ ತುಂಬಿಹೋದವು. ಗುನ್ನಾರ್ ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡರು.